ಪೆಲಿಕನ್ ತಂಡದ ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ

ಒಬ್ಬ ಮನುಷ್ಯ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎಷ್ಟೇ ಜೋರಾಗಿ ಓಡಿದರೂ, ಸಕ್ಷಮ ಪ್ರಾಧಿಕಾರವು ಅದನ್ನು ಮಾನ್ಯ ಮಾಡುವ ತನಕ ಅವನು ಓಡಿದನೆಂದು ಹೇಳಲು ಬರುವುದಿಲ್ಲ. ಇಷ್ಟು ಸರಳವಾದ ವಿಷಯ ಸಾವಿರದ ಒಂಬೈನೂರ ತೊಂಬತ್ತೊಂಬತ್ತನೇ ಇಸವಿಯವರೆಗೂ ಅಮೆರಿಕದವರಿಗೆ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಅವರು ಸುಮ್ಮನೆ ಓಡುತ್ತಿದ್ದರು, ನೋಡಿದವರು ಚಪ್ಪಾಳೆ ತಟ್ಟುತ್ತಿದ್ದರು, ಆಮೇಲೆ ಎಲ್ಲರೂ ಮನೆಗೆ ಹೋಗುತ್ತಿದ್ದರು.

ಆ ವರ್ಷ ಮೆನ್ಲೋ ಪಾರ್ಕಿನಲ್ಲಿ ಟಾಪ್‌ಟುಬಾಟಮ್ ಡಾಟ್ ಕಾಮ್ ಎಂಬ ಕಂಪನಿಯಿತ್ತು. ಜಗತ್ತಿನಲ್ಲಿರುವುದನ್ನೆಲ್ಲ ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ನಿಲ್ಲಿಸುವುದೇ ಅದರ ಧ್ಯೇಯ. ಅತ್ಯುತ್ತಮ ಪಿಜ್ಜಾ, ಅತ್ಯುತ್ತಮ ದಂತವೈದ್ಯ, ಅತ್ಯುತ್ತಮ ಫ್ರೀವೇ ಎಕ್ಸಿಟ್ಟು ಎಲ್ಲ ಆಗಿತ್ತು. ಲಾಭ ಮಾಡಬೇಕೆಂಬ ಕಟ್ಟುಪಾಡು ಆ ದಿನಗಳಲ್ಲಿ ಕಂಪನಿಗಳಿಗೆ ಇರಲಿಲ್ಲ. ಜನ ಸೈಟಿಗೆ ಬಂದು ಹೋದರೆ ಸಾಕು, ಬಂಡವಾಳ ಹಾಕಿದವರು ಖುಷಿಯಾಗಿರುತ್ತಿದ್ದರು. ಈ ಕಂಪನಿಗೆ ಜನ ಬರುತ್ತಿರಲಿಲ್ಲ, ಅದೊಂದು ಬಿಟ್ಟರೆ ಎಲ್ಲ ಚೆನ್ನಾಗಿತ್ತು.

ಅಲ್ಲಿ ಕೆಲಸಕ್ಕಿದ್ದ ತಿರುಮಲೇಶನನ್ನು ಒಂದು ದಿನ ಮಾಲೀಕ ಪ್ರದ್ಯುಮ್ನ ಕರೆದ. ಈ ಮಾಲೀಕ ಮೈಸೂರಿನವನು, ಎಂ.ಬಿ.ಎ. ಮಾಡಿದವನು, ಕುರ್ಚಿಯಿದ್ದರೂ ದೊಡ್ಡ ರಬ್ಬರ್ ಚೆಂಡಿನ ಮೇಲೆ ಕೂತು ಆಫೀಸು ನಡೆಸುವವನು.

"ತಿರು, ಹೇವರ್ಡ್ ಆಚೆ ಗುಡ್ಡದ ಮೇಲೆ ಸೇಂಟ್ ಆಲ್ಬನ್ಸ್ ಕಾಲೇಜಿದೆಯಲ್ಲ, ಅವರ ಫುಟ್‌ಬಾಲ್ ಟೀಮು ಪೆಲಿಕನ್ಸು. ಹಳೇ ಸ್ಟೂಡೆಂಟ್ಸ್ ಎಲ್ಲಾ ಆ ಟೀಮ್ ಅಂದ್ರೆ ಪ್ರಾಣ ಬಿಡ್ತಾರೆ. ಶುರುವಿಂದ ಇಲ್ಲೀವರೆಗೆ ಅವರ ಬೆಸ್ಟ್ ರನ್ನಿಂಗ್ ಬ್ಯಾಕ್ಸ್, ಅಂದ್ರೆ ಚೆಂಡು ಹಿಡ್ಕೊಂಡು ಓಡೋರು, ಯಾರ್ಯಾರು, ರ‍್ಯಾಂಕಿಂಗು ಮಾಡಿ ಹಾಕು."

"ಪ್ರದ್ಯುಮ್ನ, ನನಗೆ ಕ್ರಿಕೆಟ್ ಬಿಟ್ರೆ ಬೇರೆ ಗೇಮು ಗೊತ್ತಿಲ್ಲ."

"ಪರ್ಫೆಕ್ಟು. ಹಂಗಾದ್ರೆ ನಿನಗೆ ಬಯಾಸೂ ಇರಲ್ಲ."

ತಿರುಮಲೇಶ ಒಲ್ಲೆ ಎನ್ನುವ ಸ್ಥಿತಿಯಲ್ಲಿರಲಿಲ್ಲ. ಅವನ ವೀಸಾ ಕಂಪನಿಯ ಕೈಯಲ್ಲಿತ್ತು. ಕೆಲಸ ಹೋದರೆ ಗಂಟುಮೂಟೆ ಕಟ್ಟಬೇಕು. ತನ್ನ ಮಟ್ಟಿಗೆ ಅವನು ಇವತ್ತೇ ಹೊರಡಲೂ ತಯಾರು. ಆದರೆ ಇಂದು ಎಂಬ ಹೆಸರಿನ ಅವನ ಹೆಂಡತಿ ಹೇವರ್ಡಿನ ಯೂನಿವರ್ಸಿಟಿಯಲ್ಲಿ ಎಂ.ಎಸ್. ಓದುತ್ತಿದ್ದಳು. ಬೆಂಗಳೂರಿನಲ್ಲಿ ಒಮ್ಮೆ ಇವನನ್ನು ಮದುವೆಯಾಗುವ ಸಲುವಾಗಿ ಓದನ್ನು ಅರ್ಧಕ್ಕೆ ಬಿಟ್ಟಿದ್ದಳು. ಇನ್ನೊಮ್ಮೆ ಬಿಡಿಸಿದರೆ ಅವಳ ಮುಖ ನೋಡುವ ಯೋಗ್ಯತೆ ತನಗಿರುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು. ಅವಳ ಕೊನೆಯ ಪರೀಕ್ಷೆ ಮುಂದಿನ ಜೂನ್‌ನಲ್ಲಿ. ಅಲ್ಲಿಯವರೆಗೆ ಕೆಲಸವೊಂದು ಉಳಿದರೆ ಅವನಿಗೆ ಮತ್ತೇನೂ ಬೇಕಿರಲಿಲ್ಲ.

ಸನ್ನಿವೇಲ್‌ನಲ್ಲಿದ್ದ ಅವರ ಅಪಾರ್ಟ್‌ಮೆಂಟಿಗೆ ಆಗ ಇಂದುವಿನ ತಂದೆ ರಘೋತ್ತಮರು ಬಂದಿಳಿದಿದ್ದರು. ಸರ್ಕಾರದ ಒಂದು ಇಲಾಖೆಯಲ್ಲಿ ನೌಕರರ ಜ್ಯೇಷ್ಠತಾ ಪಟ್ಟಿಯ ವಿಭಾಗವನ್ನೇ ಸೇವೆಯುದ್ದಕ್ಕೂ ನೋಡಿಕೊಂಡು ನಿವೃತ್ತರಾದವರು. ಮಗಳ ಮನೆಯಲ್ಲಿ ಮಾಡಲು ಕೆಲಸವಿಲ್ಲದೆ ಫ್ರಿಜ್ಜಿನೊಳಗಿನ ಡಬ್ಬಿಗಳನ್ನು ಖರೀದಿಯ ದಿನಾಂಕದ ಪ್ರಕಾರ ಜೋಡಿಸಿಡುತ್ತಿದ್ದರು. ಅಳಿಯ ಪೆಲಿಕನ್ನರ ಅಂಕಿಅಂಶ ಹರಡಿಕೊಂಡು ತಲೆ ಕೆರೆದುಕೊಳ್ಳುವುದನ್ನು ನೋಡಿ ಅವರಿಗೆ ಕನಿಕರ ಬಂತು.

"ಅಳಿಯಂದಿರೇ, ಯಾರಾದ್ರೂ ಏಕ್‌ದಂ ಪಟ್ಟಿ ಮಾಡ್ತಾರೆಯೇ? ಮೊದಲು ತಾತ್ಕಾಲಿಕ ಪಟ್ಟಿ ಹೊರಡಿಸ್ಬೇಕು. ಆಕ್ಷೇಪಣೆ ಕರೀಬೇಕು. ಅವನ್ನ ಪರಿಶೀಲಿಸಿ ಪರಿಷ್ಕೃತ ತಾತ್ಕಾಲಿಕ ಪಟ್ಟಿ. ಅದಕ್ಕೆ ಮತ್ತೆ ಆಕ್ಷೇಪಣೆ."

"ಕೊನೆಗೆ ಏನಾಗುತ್ತೆ ಮಾವ?"

"ಕೊನೆಗೆ ಅಂದ್ರೆ?" ಎಂದು ರಘೋತ್ತಮರು ಕನ್ನಡಕ ತೆಗೆದು ಅಳಿಯನನ್ನೇ ನೋಡಿದರು. ಈ ಪ್ರಶ್ನೆಯನ್ನು ಅವರಿಗೆ ಹಿಂದೆ ಯಾರೂ ಕೇಳಿರಲಿಲ್ಲ.

ಪ್ರವಾಸಿ ವೀಸಾದ ಮೇಲೆ ಬಂದವರು ಸಂಬಳಕ್ಕೆ ದುಡಿಯುವಂತಿಲ್ಲವಾದ್ದರಿಂದ ಅವರು ಅಕ್ಕರೆಯಿಂದಲೇ ನಿಯಮಾವಳಿ ಬರೆದುಕೊಟ್ಟರು. ಅಳಿಯ ಅದನ್ನು ಇಂಗ್ಲಿಷಿಗೆ ತಿರುಗಿಸಿ ಸೈಟಿಗೆ ಹಾಕಿದ. ಮೂಲ ಹೀಗಿತ್ತು:

"ಸೇಂಟ್ ಆಲ್ಬನ್ಸ್ ಕಾಲೇಜಿನ ಪೆಲಿಕನ್ ಫುಟ್‌ಬಾಲ್ ತಂಡದ ಅತ್ಯುತ್ತಮ ರನ್ನಿಂಗ್ ಬ್ಯಾಕ್‌ಗಳ ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿಯನ್ನು ಸಂಬಂಧಪಟ್ಟವರೆಲ್ಲರ ಅವಗಾಹನೆಗಾಗಿ ಈ ಮೂಲಕ ಪ್ರಕಟಿಸಲಾಗಿದೆ. ಇಬ್ಬರು ಆಟಗಾರರು ಸರಿಸಮನಾಗಿ ಓಡಿದ್ದಲ್ಲಿ ಮೊದಲು ಹುಟ್ಟಿದವನೇ ಜ್ಯೇಷ್ಠ. ಹಿಂದಕ್ಕೆ ಓಡಿದ ದೂರವನ್ನು ಸೇವಾ ವಿರಾಮವೆಂದು ಭಾವಿಸತಕ್ಕದ್ದು. ಕಾಯಂ ಆಟಗಾರ ಗಾಯಗೊಂಡಾಗ ಅವನ ಜಾಗದಲ್ಲಿ ಪ್ರಭಾರದ ಮೇಲೆ ಓಡಿದವರ ಓಟವನ್ನು ಜ್ಯೇಷ್ಠತೆಗೆ ಪರಿಗಣಿಸತಕ್ಕದ್ದಲ್ಲ. ಆಕ್ಷೇಪಣೆಗಳು ಇತ್ಯರ್ಥವಾಗುವವರೆಗೆ ಒಂದನೇ ಸ್ಥಾನವನ್ನು ಖಾಲಿ ಇರಿಸಲಾಗಿದೆ."

ಪಟ್ಟಿ ಎರಡನೆಯವನಿಂದ ಶುರುವಾಗಿತ್ತು. ಅದನ್ನು ನೋಡಿದ ಪೆಲಿಕನ್ ಅಭಿಮಾನಿಗಳಿಗೆ ಮೈಯೆಲ್ಲ ಉರಿದುಹೋಯಿತು. ಹಳೆಯ ವಿದ್ಯಾರ್ಥಿಗಳಾದ ವಕೀಲರು, ಡಾಕ್ಟರುಗಳು, ಒಬ್ಬ ಪಾದ್ರಿ, ಎಲ್ಲರೂ ಹಗಲೆಲ್ಲ ಕೆಲಸ ಬಿಟ್ಟು ಆಕ್ಷೇಪಣೆ ಬರೆಯತೊಡಗಿದರು. ಬರೆದವರು ತಮ್ಮದು ಸ್ವೀಕೃತವಾಯಿತೇ ಎಂದು ನೋಡಲು ಬಂದರು; ಬೇರೆಯವರದ್ದು ಸ್ವೀಕೃತವಾದದ್ದನ್ನು ಕಂಡು ಅದಕ್ಕೆ ಆಕ್ಷೇಪಣೆ ಬರೆದರು. ಬಂಡವಾಳ ಹಾಕಿದವರು ಸೈಟಿಗೆ ಬಂದವರ ಗ್ರಾಫನ್ನು ನೋಡಿ ಕಣ್ಣಿಗೊತ್ತಿಕೊಂಡರು.

"ಜೀನಿಯಸ್ ಕಣೋ ನೀನು," ಎಂದ ಪ್ರದ್ಯುಮ್ನ, ಚೆಂಡಿನ ಮೇಲೆ ಪುಟಿಯುತ್ತಾ. "ಒಂದ್ ಮಾತು ನೆನಪಿಟ್ಕೋ. ಲಿಸ್ಟು ಪ್ರಾವಿಷನಲ್ ಆಗಿರೋವರೆಗೂ ನಾವಿರ್ತೀವಿ. ಫೈನಲ್ ಆದ ದಿನ ಯಾರೂ ಬರಲ್ಲ, ನಿನ್ನ ಪೊಸಿಷನ್ನೂ ಇರಲ್ಲ."

ತಿರುಮಲೇಶ ಜೂನ್ ತಿಂಗಳನ್ನು ನೆನೆದು ತಲೆಯಾಡಿಸಿದ. ಅವನ ಹುದ್ದೆಗೆ ಈಗ 'ಆಕ್ಷೇಪಣೆಗಳ ಉಪಾಧ್ಯಕ್ಷ' ಎಂಬ ಹೆಸರು ಬಂದಿತ್ತು.

ಹೀಗೆ ಸುಸೂತ್ರವಾಗಿ ನಡೆಯುತ್ತಿರುವಾಗ ಒಂದು ಮಂಗಳವಾರ ಕ್ಲಿಫ್ಟನ್ ಏಮ್ಸ್ ಎಂಬ ಮುದುಕ ಆಫೀಸಿಗೇ ಬಂದ. ಎತ್ತರದ ಕಪ್ಪು ಮನುಷ್ಯ, ಮೈಮೇಲೆ ಪೆಲಿಕನ್ ಹಕ್ಕಿಯ ಚಿತ್ರವಿದ್ದ ಹಳೆಯ ಉಣ್ಣೆಯ ಜಾಕೆಟ್ಟು. ಹೇವರ್ಡಿನ ಗೋದಾಮೊಂದರಲ್ಲಿ ದುಡಿದು ನಿವೃತ್ತನಾಗಿದ್ದ. ಕಂಪ್ಯೂಟರು ಇಟ್ಟುಕೊಂಡಿರಲಿಲ್ಲ, ಆದ್ದರಿಂದ ಆಕ್ಷೇಪಣೆಯನ್ನು ಬಾಯಲ್ಲೇ ತಂದಿದ್ದ. ಇಂಗ್ಲಿಷಿನಲ್ಲಿ ನಡೆದ ಆ ಮಾತುಕತೆಯ ಸಾರಾಂಶ ಇದು.

"ನನ್ನನ್ನು ಮೂವತ್ತನಾಲ್ಕನೆಯವನು ಮಾಡಿದ್ದೀಯಂತೆ. ಐವತ್ತೇಳರ ಕೊನೆಯ ಪಂದ್ಯದಲ್ಲಿ ಮೈದಾನದ ಈ ತುದಿಯಿಂದ ಆ ತುದಿಗೆ ಓಡಿ ಗೆಲ್ಲಿಸಿದ್ದು ನಾನು."

"ಅದರಲ್ಲಿ ವಿವಾದವಿಲ್ಲ ಸರ್. ಆದರೆ ಅವತ್ತು ಕಾಯಂ ಆಟಗಾರನ ಕಾಲು ಉಳುಕಿತ್ತು. ನೀವು ಓಡಿದ್ದು ಪ್ರಭಾರದಲ್ಲಿ. ನಿಮ್ಮನ್ನು ಆ ಜಾಗಕ್ಕೆ ನೇಮಿಸಿದ ಆದೇಶ ಏನಾದರೂ ಇದೆಯೇ?"

"ಕೋಚು ನನ್ನ ಬೆನ್ನಿಗೆ ಗುದ್ದಿ 'ಹೋಗು' ಅಂದರು."

"ಲಿಖಿತವಾಗಿ?"

ಏಮ್ಸ್ ಸ್ವಲ್ಪ ಹೊತ್ತು ಯೋಚಿಸಿ, ಲಿಖಿತವಾಗಿ ಗುದ್ದಲಿಲ್ಲ ಎಂದು ಒಪ್ಪಿಕೊಂಡ. ಅವನಿಗೆ ಕಾಫಿ ಕೊಟ್ಟು, ಮುಂದಿನ ಮಂಗಳವಾರ ಬರಲು ಹೇಳಲಾಯಿತು. ಬಂದ. ಅದರ ಮುಂದಿನ ಮಂಗಳವಾರವೂ ಬಂದ. ಸಿಟ್ಟು ಮಾಡಲಿಲ್ಲ, ಯಾರನ್ನೂ ಬೈಯಲಿಲ್ಲ. ಅವನ ಹೆಸರಿನಲ್ಲಿ ಪೆಲಿಕನ್ನರು ಎರಡು ಬಣವಾದರು. ಪ್ರಭಾರದ ಓಟವನ್ನು ಪರಿಗಣಿಸಬೇಕೆನ್ನುವವರು ಒಂದು ಕಡೆ, ಹಾಗೆ ಮಾಡಿದರೆ ನಾಳೆ ದಾರಿಹೋಕರೆಲ್ಲ ಓಡಿಬಿಡುತ್ತಾರೆ ಎನ್ನುವವರು ಇನ್ನೊಂದು ಕಡೆ. ಕಂಪನಿಯ ಬೆಲೆ ಏರುತ್ತಾ ಹೋಯಿತು.

ಫೆಬ್ರವರಿಯಲ್ಲಿ ಏಮ್ಸ್ ಒಂದು ಬಿನ್ನಹ ಮಾಡಿಕೊಂಡ. ಆ ಪಂದ್ಯದ ಹಳೆಯ ಫಿಲಮನ್ನು ವಿಡಿಯೋ ಮಾಡಿಸಿದ್ದೇನೆ, ಪರಿಶೀಲನಾಧಿಕಾರಿಗಳು ದಯಮಾಡಿ ಮನೆಗೆ ಬಂದು ನೋಡಬೇಕು ಎಂದ. ಸ್ಥಳ ಪರಿಶೀಲನೆಗೆ ನಿಯಮದಲ್ಲಿ ಅವಕಾಶವಿತ್ತು. ತಿರುಮಲೇಶ ಶನಿವಾರ ಇಂದುವನ್ನು ಲೈಬ್ರರಿಗೆ ಬಿಟ್ಟು ಅವನ ಮನೆಗೆ ಹೋದ.

ಗ್ಯಾರೇಜಿನ ಟೀವಿಯಲ್ಲಿ ಬೂದು ಬಣ್ಣದ ಹುಡುಗರು ಗುಂಪುಗುಂಪಾಗಿ ಬೀಳುತ್ತಿದ್ದರು. ಆ ರಾಶಿಯೊಳಗಿಂದ ಸಣಕಲು ಹುಡುಗನೊಬ್ಬ ಹೊರಗೆ ಬಂದ. ಒಬ್ಬ ಅವನ ಕಾಲು ಹಿಡಿದ, ಬಿಡಿಸಿಕೊಂಡ. ಇಬ್ಬರು ಅಡ್ಡ ಬಂದರು, ಅವರ ನಡುವೆ ಜಾಗವೇ ಇಲ್ಲದಲ್ಲಿ ತೂರಿದ. ಆಮೇಲೆ ಅವನ ಮುಂದೆ ಹುಲ್ಲು ಮಾತ್ರ ಇತ್ತು. ಓಡಿದ, ಓಡಿದ, ಚಿತ್ರದ ಚೌಕಟ್ಟು ಅವನ ಹಿಂದೆ ಬರಲಾರದೆ ಒದ್ದಾಡಿತು. ತಿರುಮಲೇಶನಿಗೆ ಈಗಲೂ ಆಟದ ನಿಯಮ ಅರ್ಥವಾಗಿರಲಿಲ್ಲ. ಆದರೆ ಮೈ ಜುಮ್ಮೆಂದಿತು, ತಾನು ಎದ್ದು ನಿಂತಿದ್ದೇನೆಂದು ಅವನಿಗೆ ಆಮೇಲೆ ಗೊತ್ತಾಯಿತು. ಮೊದಲನೆಯವನು ಇವನೇ. ಇದಕ್ಕೆ ಪರಿಶೀಲನೆ ಬೇಕಿಲ್ಲ.

ಏಮ್ಸ್ ಟೀವಿ ಆರಿಸಿ ಕೇಳಿದ: "ಈ ಪಟ್ಟಿ ಅಂತಿಮವಾದ ಮೇಲೆ ನಿನಗೇನು ಕೆಲಸ?"

ಹೇಳಬಾರದಿತ್ತು, ಆದರೆ ತಿರುಮಲೇಶ ನಾಚಿಕೆಯಿಂದ ಎಲ್ಲವನ್ನೂ ಹೇಳಿಬಿಟ್ಟ. ವೀಸಾ, ಜೂನ್ ತಿಂಗಳು, ಮದುವೆಗೆಂದು ಒಮ್ಮೆ ಬಿಟ್ಟ ಓದು. ಮುದುಕ ಹೂಂಗುಟ್ಟುತ್ತಾ ಕೇಳಿಸಿಕೊಂಡು, ಬಾಗಿಲವರೆಗೆ ಬಂದು ಕಳಿಸಿಕೊಟ್ಟ.

ಅಂತಿಮ ಪಟ್ಟಿ ಹೊರಡಿಸುತ್ತೇನೆಂದು ತಿರುಮಲೇಶ ಹೇಳಿದ ಮೇಲೆ ಮನೆಯಲ್ಲಿ ಸಾರು ಆರುತ್ತಿತ್ತು, ಯಾರೂ ಊಟ ಮಾಡಲಿಲ್ಲ.

"ಅಂತಿಮ ಪಟ್ಟಿಯೇ?" ಎಂದರು ರಘೋತ್ತಮರು, ಮನೆಯಲ್ಲಿ ಯಾರೋ ತೀರಿಕೊಂಡಾಗಿನ ದನಿಯಲ್ಲಿ. "ಅಳಿಯಂದಿರೇ, ಬೇಡಿ. ಅಂತಿಮ ಪಟ್ಟಿ ಹೆಂಗಿರುತ್ತೆ ಅಂತ ನನಗೇ ಗೊತ್ತಿಲ್ಲ. ನಮ್ಮಲ್ಲಿ ಅದರ ನಮೂನೆ ಕೂಡ ಇರಲಿಲ್ಲ."

ಇಂದು ಮಾತ್ರ ಗಂಡನ ಮುಖವನ್ನೇ ನೋಡಿದಳು. "ಆ ತಾತ ನಿಜವಾಗ್ಲೂ ಫಸ್ಟಾ ರೀ?"

"ಹೂಂ."

"ಹಂಗಾದ್ರೆ ಹಾಕಿಬಿಡಿ. ನನ್ನ ಎಂ.ಎಸ್. ಒಬ್ಬರ ತಲೆ ಮೇಲೆ ಕೂತ್ಕೊಂಡು ಮುಗಿಯೋದು ಬೇಡ." ಹೇಳಿದವಳು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ತುಂಬಾ ಹೊತ್ತು ನಲ್ಲಿ ಬಿಟ್ಟುಕೊಂಡಳು.

ಸೋಮವಾರ ಅವನು ಅಂತಿಮ ಪಟ್ಟಿಯನ್ನು ಪ್ರಕಟಿಸಿದ. ಒಂದನೇ ಸ್ಥಾನ: ಕ್ಲಿಫ್ಟನ್ ಏಮ್ಸ್. ಪ್ರದ್ಯುಮ್ನ ಚೆಂಡಿನ ಮೇಲಿಂದ ಜಾರಿ ನೆಲಕ್ಕೆ ಬಿದ್ದ. ಅಭಿಮಾನಿಗಳು ಪಟ್ಟಿಯನ್ನು ಒಮ್ಮೆ ನೋಡಿದರು, ಸರಿಯಾಗಿದೆ ಎಂದರು, ವರ್ಷಗಳ ನಂತರ ತಂತಮ್ಮ ಕೆಲಸಕ್ಕೆ ಹೋದವರಂತೆ ಹೊರಟುಹೋದರು. ಸಂಜೆಯ ಹೊತ್ತಿಗೆ ಗ್ರಾಫು ನೆಲ ಕಚ್ಚಿತು. ಪ್ರದ್ಯುಮ್ನ ಬಂದು, ಕೋಪವನ್ನೂ ಮಾಡಿಕೊಳ್ಳದೆ, "ನಾಳೆ ಡೆಸ್ಕು ಖಾಲಿ ಮಾಡಿಬಿಡು, ತಿರು," ಎಂದ.

ಮರುದಿನ ಮಂಗಳವಾರವಾಗಿತ್ತು. ತಿರುಮಲೇಶ ರಟ್ಟಿನ ಡಬ್ಬಕ್ಕೆ ಸಾಮಾನು ತುಂಬುತ್ತಿರುವಾಗ ಏಮ್ಸ್ ಎಂದಿನಂತೆ ಬಂದ.

"ಅಭಿನಂದನೆ ಸರ್," ಎಂದ ತಿರುಮಲೇಶ.

"ಆಕ್ಷೇಪಣೆ ಇದೆ," ಎಂದ ಏಮ್ಸ್, ಕುರ್ಚಿ ಎಳೆದುಕೊಂಡು. "ಪಟ್ಟಿಯಲ್ಲಿ ತಪ್ಪಾಗಿದೆ. ನಾನು ಮೊದಲನೆಯವನಲ್ಲ."

"ಸರ್, ನಾನೇ ನೋಡಿದ್ದೇನೆ."

"ಗಾಳಿ ನೋಡಿದೆಯಾ? ಅವತ್ತು ಗಾಳಿ ನನ್ನ ಬೆನ್ನಿಗಿತ್ತು. ಎಷ್ಟು ದೂರ ನಾನು ಓಡಿದೆ, ಎಷ್ಟು ದೂರ ಗಾಳಿ ತಳ್ಳಿತು, ಅದನ್ನು ಬೇರ್ಪಡಿಸದೆ ಹೇಗೆ ತೀರ್ಮಾನಿಸಿದೆ? ಎದುರಾಳಿ ತಂಡದಲ್ಲಿ ಬದುಕಿರುವವರನ್ನೆಲ್ಲ ವಿಚಾರಿಸಬೇಕು. ಒಬ್ಬ ಅಲಾಸ್ಕಾದಲ್ಲಿದ್ದಾನೆ, ಅವನಿಗೆ ಕಿವಿ ಕೇಳಿಸುವುದಿಲ್ಲ."

ಮೊದಲ ಸ್ಥಾನದಲ್ಲಿರುವವನೇ ತನ್ನ ಸ್ಥಾನಕ್ಕೆ ಆಕ್ಷೇಪಿಸಿದರೆ ಏನು ಮಾಡಬೇಕೆಂದು ನಿಯಮಾವಳಿಯಲ್ಲಿರಲಿಲ್ಲ. ತಿರುಮಲೇಶ ಮನೆಗೆ ಫೋನು ಮಾಡಿದ.

"ತಕ್ಷಣ ಅಂತಿಮ ಪಟ್ಟಿಗೆ ತಡೆ," ಎಂದರು ರಘೋತ್ತಮರು ಗದ್ಗದಿತರಾಗಿ. "ಒಂದನೇ ಸ್ಥಾನ ಖಾಲಿ ಮಾಡಿ. ಅಂತಿಮ ತಾತ್ಕಾಲಿಕ ಪಟ್ಟಿ ಅಂತ ಹೊರಡಿಸಿ. ನಮ್ಮ ಕಾಲದಲ್ಲಿ ಇಂಥ ಅರ್ಜಿದಾರ ಒಬ್ಬ ಸಿಗಲಿಲ್ಲವಲ್ಲಪ್ಪ!"

ಪ್ರಕಟಣೆ ಸೈಟಿಗೆ ಏರಿದ ಅರ್ಧ ಗಂಟೆಯಲ್ಲಿ ಪೆಲಿಕನ್ನರು ಮೂರು ಬಣವಾದರು. ಗಾಳಿಯ ಪರ, ಗಾಳಿಯ ವಿರುದ್ಧ, ಮತ್ತು ಗಾಳಿಯನ್ನೇ ಮೊದಲನೆಯ ಸ್ಥಾನದಲ್ಲಿ ಕೂರಿಸಬೇಕೆನ್ನುವವರು. ಪ್ರದ್ಯುಮ್ನ ಓಡಿಬಂದು ರಟ್ಟಿನ ಡಬ್ಬವನ್ನು ತಾನೇ ಮೇಜಿನ ಮೇಲೆ ಬೋರಲು ಹಾಕಿದ. ಕಾಲೇಜಿನವರು ತಮ್ಮ ಗೋಡೆಯ ಮೇಲಿನ ಗೌರವ ಫಲಕದಲ್ಲಿ ಮೊದಲ ಸಾಲನ್ನು ಖಾಲಿ ಬಿಟ್ಟು ಕೆತ್ತಿಸಲು ತೀರ್ಮಾನಿಸಿದರು, ಅದರ ಉದ್ಘಾಟನೆಗೆ ಬ್ಯಾಂಡನ್ನೂ ಗೊತ್ತು ಮಾಡಿದರು. ಇದರಲ್ಲಿ ವಿಚಿತ್ರವೇನಾದರೂ ಇದೆಯೆಂದು ಯಾರಿಗೂ ಅನ್ನಿಸಲಿಲ್ಲ.

ಏಮ್ಸ್ ತನ್ನ ಕಾಫಿ ಮುಗಿಸಿ, ಆಕ್ಷೇಪಣೆಯ ಕೆಳಗೆ ನಿಧಾನವಾಗಿ ಸಹಿ ಹಾಕಿದ. ಅವನು ಬಿಟ್ಟುಕೊಟ್ಟದ್ದು ನಲವತ್ತೆರಡು ವರ್ಷ ಕಾದು ಒಂದು ದಿನ ಕೂತಿದ್ದ ಜಾಗವನ್ನು. ತಿರುಮಲೇಶ ಉಪಾಧ್ಯಕ್ಷನಾದ್ದರಿಂದ ಕೇಳಲೇಬೇಕಾದದ್ದನ್ನು ಕೇಳಿದ.

"ವಿಚಾರಣೆಗೆ ಯಾವ ತಾರೀಖು ಇಡಲಿ ಸರ್?"

"ನಿನ್ನ ಹೆಂಡತಿಯ ಪರೀಕ್ಷೆ ಯಾವಾಗ ಮುಗಿಯುತ್ತೆ?"

"ಜೂನ್ ಹದಿನೈದು."

"ಹಾಗಾದರೆ ಜುಲೈಗೆ ಇಡು," ಎಂದು ಏಮ್ಸ್ ಜಾಕೆಟ್ಟಿನ ಗುಂಡಿ ಹಾಕಿಕೊಂಡ. "ಅದಕ್ಕಿಂತ ಮೊದಲು ನನಗೆ ಗಾಳಿಯ ದಾಖಲೆ ಸಿಗುವುದಿಲ್ಲ."