ನಮ್ಮ ಚರಂಡಿಯೇ ಫಸ್ಟ್

ಬಸವಕುಮಾರನ ಹೆಂಡತಿ ಯಶೋಧಾ ತವರಿಗೆ ಹೋಗಿ ಕೂತದ್ದು ಒಡವೆಗಾಗಿ ಅಲ್ಲ, ಅತ್ತೆಯ ಕಾಟಕ್ಕೂ ಅಲ್ಲ. ಚರಂಡಿಗಾಗಿ.

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರ ಬೀದಿಯೊಂದರಲ್ಲಿ ಬಸವಕುಮಾರನ ಟೀ-ತಿಂಡಿಯ ಹೋಟೆಲು. ಹಿಂದೆ ಮನೆ, ಮುಂದೆ ಹೋಟೆಲು, ಅದರ ಮುಂದೆ ಚರಂಡಿ. ಚರಂಡಿ ಎಂದರೆ ಹರಿಯಬೇಕು ತಾನೆ? ಇದು ಹರಿಯುವ ಜಾತಿಯದಲ್ಲ. ಮನೆಯ ಅಳಿಯನ ಹಾಗೆ ಬಂದಲ್ಲೇ ಬಿದ್ದುಕೊಂಡಿತ್ತು. ಸಂಜೆಯಾದರೆ ಸೊಳ್ಳೆಗಳು ಗಿರಾಕಿಗಳಿಗಿಂತ ಮುಂಚೆ ಬೆಂಚು ಹಿಡಿಯುತ್ತಿದ್ದವು.

ಮಳೆಗಾಲದಲ್ಲಿ ಎರಡನೆಯ ಸಲ ಜ್ವರ ಬಂದು ಎದ್ದ ಯಶೋಧಾ ಸೀರೆ ಮಡಿಚಿ ಚೀಲಕ್ಕೆ ತುಂಬಿದಳು. "ಈ ಸೊಳ್ಳೆಗಳ ಜೊತೆ ನೀವೇ ಸಂಸಾರ ಮಾಡಿ. ಚರಂಡಿ ಕ್ಲೀನಾಗೋ ಗಂಟ ನಾನು ಈ ಹೊಸ್ಲು ತುಳಿಯಕಿಲ್ಲ," ಎಂದವಳೇ ಬೈರಾಪಟ್ಟಣಕ್ಕೆ ಹೊರಟುಹೋದಳು.

ಆಮೇಲೆ ಹೋಟೆಲಿನ ಕತೆ ಕೇಳಬೇಡಿ. ಎದುರುಮನೆಯ ಇಮಾಮ್ ಸಾಬ್, ನೂಲು ತೆಗೆಯುವ ಕಾರ್ಖಾನೆಯ ಯಜಮಾನ, ಇಡ್ಲಿಯ ತಟ್ಟೆಯನ್ನು ಬೆಳಕಿಗೆ ಹಿಡಿದು ಕೇಳಿದ: "ಬಸಣ್ಣ, ಇದು ಚಟ್ನೀನೋ, ಗೋಡೆಗೆ ಬಳಿಯೋ ಸುಣ್ಣಾನೋ?"

ಬಸವಕುಮಾರನಿಗೆ ಚಟ್ನಿಗಿಂತ ಹೆಚ್ಚಾಗಿ ಹೆಂಡತಿಯೇ ನೆನಪಾದಳು. ಬೈಯುವುದಕ್ಕಾದರೂ ಅವಳು ಬೇಕು ಅನ್ನಿಸಿ ಕಣ್ಣಲ್ಲಿ ನೀರಾಡಿತು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಬೆಂಗಳೂರಿನ ಯಾವುದೋ ವಿಶ್ವವಿದ್ಯಾಲಯದಿಂದ ಸುಹಾನಾ ಮೇಡಂ ತಂಡ ಕಟ್ಟಿಕೊಂಡು ಬೀದಿಗೆ ಬಂದಿಳಿದರು. ಆಗಾಗ ಬಂದು ಜ್ವರ, ಕೆಮ್ಮು ವಿಚಾರಿಸಿ ಹೋಗುತ್ತಿದ್ದವರೇ. ಇವತ್ತು ಕೈಯಲ್ಲಿ ಬಣ್ಣದ ಚಾಕ್‌ಪೀಸು ಇತ್ತು.

"ಒಂದು ಬೀದಿಗೆ ಕಾಯಿಲೆ ಯಾಕೆ ಜಾಸ್ತಿ, ಇನ್ನೊಂದಕ್ಕೆ ಯಾಕೆ ಕಮ್ಮಿ? ಅದನ್ನ ನಾವು ಬೆಂಗಳೂರಲ್ಲಿ ಕೂತು ಹೇಳೋದಲ್ಲ, ನೀವೇ ಹೇಳಬೇಕು. ಈ ಸಂಶೋಧನೆಯಲ್ಲಿ ನೀವೂ ನಾವೂ ಪಾರ್ಟ್ನರ್ಸ್," ಎಂದರು ಮೇಡಂ.

"ಪಾರ್ಟ್ನರು ಅಂದ್ರೆ ಲಾಭದಲ್ಲಿ ಪಾಲು ಐತಾ?" ಎಂದ ಇಮಾಮ್ ಸಾಬ್.

"ಕಾಯಿಲೇಲಿ ಪಾಲು ಕಣ್ ಸಾಬ್ರೇ, ಸುಮ್ನಿರಿ ಒಸಿ," ಎಂದು ಪಕ್ಕದ ಮನೆಯ ರಾಧಾಮಣಿ ಗದರಿದಳು. ಬೀದಿಗೆ ಯಾರೇ ಬರಲಿ, ಬಂದವರ ಪರವಾಗಿ ಮಾತಾಡುವ ಅಧಿಕಾರವನ್ನು ರಾಧಾಮಣಿ ತಾನಾಗಿಯೇ ವಹಿಸಿಕೊಂಡಿದ್ದಳು.

ಮೇಡಂ ಟಾರು ರಸ್ತೆಯ ಮೇಲೆ ಚಾಕ್‌ಪೀಸಿನಿಂದ ಇಡೀ ಬಡಾವಣೆಯ ನಕ್ಷೆ ಬರೆಸಿದರು. ಕಾಯಿಲೆ ಎಲ್ಲಿಂದ ಬರುತ್ತದೆ ಅನ್ನಿಸುತ್ತದೋ ಅಲ್ಲಿ ಒಬ್ಬೊಬ್ಬರೂ ಮೂರು ಕಲ್ಲು ಇಡಬೇಕು. ಕಲ್ಲು ಯಾಕೆ ಎಂದು ಇಮಾಮ್ ಸಾಬ್ ನೂಲಿಗೆ ಬಾರದ ರೇಷ್ಮೆಗೂಡುಗಳನ್ನು ಒಂದು ಮಂಕರಿ ತಂದು ಸುರಿದ.

"ಹೆಚ್ಚು ಗೂಡು ಬೀಳೋ ಎರಡು ಚರಂಡೀನ ನಮ್ಮ ಅಧ್ಯಯನಕ್ಕೆ ತಗೋತೀವಿ. ರಿಪೇರಿಗೆ ದುಡ್ಡೂ ಬಂದಿದೆ," ಎಂದರು ಮೇಡಂ.

ಅಷ್ಟು ಕೇಳಿದ್ದೇ ತಡ, ಮುಂದಿನದನ್ನು ಕೇಳಲು ಬಸವಕುಮಾರ ಅಲ್ಲಿದ್ದರೆ ತಾನೆ! ಒಳಗೆ ಬಾಣಲೆ ಏರಿತ್ತು, ಬಾಳೆಕಾಯಿ ಹೆಚ್ಚಿ ಆಗಿತ್ತು. ಮೇಡಂ ಹೊರಗೆ ಏನೇನೋ ವಿವರಿಸುತ್ತಿದ್ದರು, ಜನ ಕೈ ಎತ್ತುತ್ತಿದ್ದರು. ಬಜ್ಜಿಯ ತಟ್ಟೆ ಹಿಡಿದು ಬಂದ ಬಸವಕುಮಾರನೂ ಅವಸರದಲ್ಲಿ ಒಂದು ಕೈ ಎತ್ತಿದ. ಆಮೇಲೆ ಒಬ್ಬೊಬ್ಬರ ಕಿವಿಯಲ್ಲೂ ಪಿಸುಗುಟ್ಟಿದ: "ಗೂಡು ಚರಂಡಿ ಮ್ಯಾಲೆ, ಬಜ್ಜಿ ಕೈ ಮ್ಯಾಲೆ."

ಸುಲಭಕ್ಕೆ ಮುಗಿಯುವ ವ್ಯವಹಾರವಲ್ಲ ಇದು. ರಾಧಾಮಣಿ ಗೂಡು ಹಿಡಿದು ನಕ್ಷೆಯೆಲ್ಲ ಹುಡುಕಿ, "ನಮ್ಮತ್ತೆ ಮನೆ ಬರ್ದೇ ಇಲ್ವಲ್ಲ ಮೇಡಂ? ನನ್ನ ಬೀಪಿ ಬರೋದು ಅಲ್ಲಿಂದ್ಲೇ!" ಎಂದಳು. ಅವಳನ್ನು ಓಲೈಸಲು ಮೂರು ಬಜ್ಜಿ ಖರ್ಚಾಯಿತು. ಅಷ್ಟರಲ್ಲಿ ಇಮಾಮ್ ಸಾಬ್ ತನ್ನ ಮೂರೂ ಗೂಡುಗಳನ್ನು ಬಸವಕುಮಾರನ ಹೋಟೆಲಿನ ಮೇಲೇ ಇಟ್ಟುಬಿಟ್ಟ.

"ಸಾಬ್ರೇ! ಏನಿದು ಅನ್ಯಾಯ?"

"ಅಲ್ಲಾಹು ಮೆಚ್ಚೋ ಹಂಗೆ ಹೇಳ್ಬೇಕಲ್ಲ ಬಸಣ್ಣ. ನಂಗೆ ಶುಗರ್ ಬಂದಿದ್ದು ನಿನ್ ಟೀಯಿಂದ."

ಇದನ್ನು ಕೇಳಿದ ಶುಗರಿನವರೆಲ್ಲ ಹೌದು ಹೌದು ಎಂದು ಹೋಟೆಲಿನ ಕಡೆ ತಿರುಗಿದರು. ಗೂಡಿನ ಮೇಲೆ ಗೂಡು ಬಿತ್ತು. ಬಸವಕುಮಾರ ಬಜ್ಜಿಯ ತಟ್ಟೆ ಬಿಟ್ಟು ಓಡಿಬಂದ. "ನಿಮ್ಮ ದಮ್ಮಯ್ಯ ಸಾಬ್ರೇ, ನನ್ ಹೆಂಡ್ತಿ ಮಕ ನೋಡಿ ತಗೀರಿ. ಇನ್ಮೇಲೆ ನಿಮ್ಗೆ ಸಕ್ಕರೆ ಇಲ್ದೆ ಟೀ ಕೊಡ್ತೀನಿ."

"ಸಕ್ಕರೆ ಇಲ್ದೆ ಕುಡಿಯೋನ್ ಯಾರ್ಲಾ? ಮೆಣಸಿನ್ಕಾಯಿ ಬಜ್ಜಿ ಮಾಡು, ತಗೀತೀನಿ."

ಮೆಣಸಿನಕಾಯಿ ಬಜ್ಜಿಯ ಘಮ ಮೇಲಿನ ಬೀದಿಗೆ ಮುಟ್ಟಿತು. ಅಲ್ಲಿಯ ಹಿರಿಯ ಗುರುಸಿದ್ದಯ್ಯ ತನ್ನ ಬೀದಿಯ ಜನರನ್ನೆಲ್ಲ ಹೊರಡಿಸಿಕೊಂಡು ದಿಬ್ಬಣದ ಹಾಗೆ ಬಂದ. ಎಲ್ಲರೂ ಹೊಟ್ಟೆ ತುಂಬ ತಿಂದರು, ಟೀ ಕುಡಿದರು, ಕೈ ಒರೆಸಿಕೊಂಡು ಹೋಗಿ ಮೇಲಿನ ಬೀದಿಯ ಚರಂಡಿಯ ಮೇಲೆ ಗೂಡು ಇಟ್ಟರು.

"ಏನ್ ಅಯ್ಯನೋರೇ, ನನ್ ಬಜ್ಜಿ ತಿಂದು ಹಿಂಗ್ ಮಾಡ್ಬೋದಾ?"

"ಬಜ್ಜಿ ನಿಂದು, ಚರಂಡಿ ನಂದು ಕಣಪ್ಪ," ಎಂದು ಗುರುಸಿದ್ದಯ್ಯ ತಣ್ಣಗೆ ಹಲ್ಲು ಚುಚ್ಚಿಕೊಂಡ.

ಆದರೂ ಹೇಗೋ ಬಸವಕುಮಾರನ ಚರಂಡಿ ಒಂದು ಹಿಡಿ ಮುಂದಿತ್ತು. ಇನ್ನೇನು ಎಣಿಸಬೇಕು, ಅಷ್ಟರಲ್ಲಿ ಕೋಳಿಗಳು ಬಂದವು. ರೇಷ್ಮೆಗೂಡಿನೊಳಗಿನ ಹುಳ ಎಂದರೆ ಆ ಬೀದಿಯ ಕೋಳಿಗಳಿಗೆ ಪ್ರಾಣ. ನಾಲ್ಕು ದಿಕ್ಕಿನಿಂದಲೂ ನುಗ್ಗಿ ನಕ್ಷೆಯ ಮೇಲೆ ಕುಣಿದವು, ಗೂಡು ಕಚ್ಚಿಕೊಂಡು ಓಡಿದವು. ಬಸವಕುಮಾರ ಜಾಲರಿ ಸೌಟು ಹಿಡಿದು ಅಟ್ಟಿಸಿಕೊಂಡು ಹೋಗಿ, ಹೋದ ವೇಗಕ್ಕೆ ಅದೇ ಚರಂಡಿಗೆ ಮೊಣಕಾಲವರೆಗೆ ಇಳಿದ. ಮೇಲೆ ಬರುವಷ್ಟರಲ್ಲಿ ನಕ್ಷೆಯ ಮೇಲೆ ಒಂದು ಗೂಡೂ ಇರಲಿಲ್ಲ.

"ಪರವಾಗಿಲ್ಲ, ಇನ್ನೊಂದು ಸಲ ಇಡೋಣ," ಎಂದರು ಮೇಡಂ.

"ಇನ್ನೊಂದ್ಸಲ ಅಂದ್ರೆ ಬಜ್ಜೀನೂ ಇನ್ನೊಂದ್ಸಲಾನೇ ಅಲ್ವಾ?" ಎಂದಳು ರಾಧಾಮಣಿ.

ಬಾಳೆಕಾಯಿ ಮುಗಿಯಿತು, ಮೆಣಸಿನಕಾಯಿ ಮುಗಿಯಿತು, ಈರುಳ್ಳಿ ಮುಗಿಯಿತು. ಕೊನೆಗೆ ನಾಳೆಯ ದೋಸೆಹಿಟ್ಟೂ ಬೋಂಡವಾಗಿ ಎಣ್ಣೆಗೆ ಬಿತ್ತು. ಕೆಸರುಕಾಲಲ್ಲೇ ಓಡಾಡಿ, ಕಂಡವರಿಗೆಲ್ಲ ಕೈಮುಗಿದು, ಅಂತೂ ಎಣಿಕೆ ಮುಗಿದಾಗ ಬಸವಕುಮಾರನ ಚರಂಡಿಯೇ ಮೊದಲು, ಗುರುಸಿದ್ದಯ್ಯನದು ಎರಡನೆಯದು!

ಅವನು ಕೂಡಲೇ ಹೆಂಡತಿಗೆ ಫೋನು ಹಚ್ಚಿದ. "ನಮ್ ಚರಂಡೀನೇ ಫಸ್ಟು ಕಣೇ ಯಶೋಧಾ! ಕ್ಲೀನಾಯ್ತು ಅಂತ್ಲೇ ತಿಳ್ಕೊ!"

"ನಿಜವಾಗ್ಲೂ?" ಆ ಕಡೆ ದನಿ ಮೆತ್ತಗಾಯಿತು. "ನನ್ಗೋಸ್ಕರ ಅಷ್ಟೆಲ್ಲ ಮಾಡಿದ್ರಾ? ಹಂಗಾರೆ ಇರಿ. ಮರಿಸ್ವಾಮಿ ಗಾಡಿ ಇಷ್ಟ್ ದಿನ ಹಾರೋಹಳ್ಳಿ ಫ್ಯಾಕ್ಟರಿ ಕೆಲ್ಸದಾಗಿತ್ತು, ಇವತ್ತು ಊರಿಗೆ ತಂದವ್ನೆ. ಅವನ್ನ ಕರ್ಕೊಂಡು ನಾನೇ ಬತ್ತೀನಿ. ಯಾರ್ ದುಡ್ಡೂ ಬ್ಯಾಡ, ಸಂಜೆಗೆ ನಾವೇ ಬಳ್ದು ಬಿಸಾಕ್ಬುಡಾನ."

ಮರಿಸ್ವಾಮಿ ಎಂದರೆ ಅವಳ ತಮ್ಮ, ಪುಟ್ಟ ಜೇಸಿಬಿಯ ಮಾಲೀಕ. ಬಸವಕುಮಾರನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಅವಳು ಬರುತ್ತಾಳೆ! ಇವತ್ತೇ!

ಹೊತ್ತು ಇಳಿಯುವಾಗ ಹೊರಗೆ ಮೇಡಂ ಒಂದು ಬಟ್ಟೆಯ ಚೀಲ ಹಿಡಿದು ನಿಂತಿದ್ದರು. ಒಳಗೆ ಒಂದು ಬಿಳಿ ಗೂಡು, ಒಂದು ಹಳದಿ ಗೂಡು. ಫಸ್ಟ್ ಬಂದವನೇ ಎತ್ತಲಿ ಎಂದು ಜನ ಕೂಗಿದರು. ಬಸವಕುಮಾರ ಕಣ್ಣು ಮುಚ್ಚಿ ಕೈ ಹಾಕಿದ. ಹಳದಿ! ಅರಿಸಿನದ ಬಣ್ಣ, ಶುಭಸೂಚನೆ! ಅವನು ಗೂಡನ್ನು ಕಣ್ಣಿಗೊತ್ತಿಕೊಂಡು ಒಂದು ಸುತ್ತು ಕುಣಿದ. ಕೆಲವರು ಶಿಳ್ಳೆ ಹಾಕಿದರು.

"ಹಾಗಾದರೆ ಬಿಳಿ ಗೂಡು ಮೇಲಿನ ಬೀದಿಗೆ. ಅದಕ್ಕೆ ಈ ವರ್ಷ ರಿಪೇರಿ," ಎಂದರು ಮೇಡಂ. "ಹಳದಿ ಬಂದ ಈ ಚರಂಡಿಗೆ ಮುಂದಿನ ವರ್ಷ."

ಬಸವಕುಮಾರ ಎತ್ತಿದ ಕಾಲು ಎತ್ತಿದಂತೆಯೇ ನಿಂತ. "ಮುಂದಿನ್... ವರ್ಷನಾ?"

"ಒಂದನ್ನ ರಿಪೇರಿ ಮಾಡಿ, ಒಂದನ್ನ ಹಾಗೇ ಬಿಟ್ಟು ಹೋಲಿಸಿದ್ರೆ ತಾನೇ ಕಾಯಿಲೆ ಎಷ್ಟು ಕಡಿಮೆ ಆಯ್ತು ಅಂತ ಗೊತ್ತಾಗೋದು? ಅಲ್ಲೀವರೆಗೆ ಇದನ್ನ ಯಾರೂ ಮುಟ್ಟಬಾರದು. ಬೆಳಿಗ್ಗೆ ಎಲ್ಲ ಹೇಳಿದೆನಲ್ಲ, ನೀವೂ ಕೈ ಎತ್ತಿದ್ರಲ್ಲ ಬಸವಕುಮಾರ್?" ಎಂದು ಮೇಡಂ ನಗುತ್ತ ಅವನ ಕೊರಳಿಗೆ ನೀಲಿ ಪಟ್ಟಿಯ ಒಂದು ಕಾರ್ಡು ಹಾಕಿದರು. 'ಸಮುದಾಯ ಸಹ-ಸಂಶೋಧಕ.' ಚರಂಡಿಯನ್ನು ಯಾರೂ ಮುಟ್ಟದಂತೆ ಕಾಯುವುದು, ದಿನಾ ಸಂಜೆ ಸೊಳ್ಳೆ ಎಣಿಸುವುದು, ಇಷ್ಟೇ ಅವನ ಕೆಲಸ. ಬೀದಿಯೇ ಚಪ್ಪಾಳೆ ತಟ್ಟಿತು.

ಆಗಲೇ ತಿರುವಿನಲ್ಲಿ ಗಡಗಡ ಸದ್ದು. ಪುಟ್ಟ ಜೇಸಿಬಿ ಬಂತು. ಸೀಟಿನಲ್ಲಿ ಮರಿಸ್ವಾಮಿ, ಅವನ ಪಕ್ಕ ಒತ್ತರಿಸಿಕೊಂಡು ಮಡಿಲಲ್ಲಿ ಬಟ್ಟೆಯ ಚೀಲವಿಟ್ಟುಕೊಂಡ ಯಶೋಧಾ. ತಲೆಯಲ್ಲಿ ಮಲ್ಲಿಗೆ ಹೂವು.

"ಎಲ್ ಬಗೀಲಿ ಭಾವ?" ಎಂದು ಮರಿಸ್ವಾಮಿ ಬಕೆಟ್ಟು ಎತ್ತಿದ.

"ಏಯ್, ಮುಟ್ಟಂಗಿಲ್ಲ!" ರಾಧಾಮಣಿ ಅಡ್ಡ ನಿಂತಳು. ಅವಳ ಹಿಂದೆ ಇಡೀ ಬೀದಿ ನಿಂತಿತು. "ಹೇಳ್ರೀ ಬಸಣ್ಣ, ಕಾರ್ಡು ಹಾಕ್ಕೊಂಡು ಸುಮ್ನೆ ನಿಂತ್ರೆ?"

ಬಸವಕುಮಾರ ಮೇಡಂ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. "ಒಂದೇ... ಒಂದ್ ವರ್ಷ ಕಣೇ ಯಶೋಧಾ."

ಯಶೋಧಾ ಕೆಳಗಿಳಿದು ಅವನ ಕೊರಳಿನ ಕಾರ್ಡನ್ನು ಪೂರ್ತಿ ಓದಿದಳು. ಮೇಡಂ ಕಡೆ ತಿರುಗಿ, "ಕಾಯಿಲೆ ಬೀಳೋರ ಹೆಸ್ರು ಬರ್ಕೊಳ್ಳೋದಿದ್ರೆ ಮೊದಲ್ನೇದು ಇವ್ರದ್ದೇ ಬರ್ಕೊಳ್ಳಿ. ವರ್ಷ ಆದ್ಮ್ಯಾಕೆ ಬಂದು ನೋಡ್ತೀನಿ," ಎಂದವಳೇ ಮತ್ತೆ ಹತ್ತಿ ಕೂತಳು.

"ಬಂದ ಗಾಡಿ ಸುಮ್ನೆ ಯಾಕವ್ವ ವಾಪಸ್ ಹೋಗ್ಬೇಕು? ನಮ್ದಂತೂ ಮುಟ್ಬೋದಲ್ಲ!" ಎಂದು ಗುರುಸಿದ್ದಯ್ಯ ಮುಂದೆ ನಿಂತು ದಾರಿ ತೋರಿಸಿದ. ಜೇಸಿಬಿ ಗಡಗಡ ಎನ್ನುತ್ತ ಮೇಲಿನ ಬೀದಿಗೆ ಹತ್ತಿತು. ಯಶೋಧಾಳ ಮಲ್ಲಿಗೆ ತಿರುವಿನಲ್ಲಿ ಮರೆಯಾಗುವವರೆಗೂ ಬಸವಕುಮಾರ ನೋಡುತ್ತ ನಿಂತ.

ಸಂಜೆಯಾಗಿತ್ತು. ಕುತ್ತಿಗೆಯ ಮೇಲೆ ಚುರುಕ್ಕೆಂದಿತು. ಅವನು ಇದ್ದ ಸಿಟ್ಟನ್ನೆಲ್ಲ ಅಂಗೈಗೆ ತಂದುಕೊಂಡು ಕೈ ಎತ್ತಿದ.

"ಅಯ್ಯೋ, ಹೊಡೀಬ್ಯಾಡಿ!" ರಾಧಾಮಣಿ ಓಡಿಬಂದು ಅವನ ಕೈ ಹಿಡಿದಳು. "ಎಣಿಸ್ಬೇಕಲ್ವಾ!"

ಬಸವಕುಮಾರ ಕೈ ಇಳಿಸಿದ. "ಒಂದು," ಎಂದ.