ಮಮ್ಮಿಯ ನೆನಪಿಗೆ ಮೂರನೇ ಸರ್ವರ್

ಉಡುಪಿಗೂ ಕಾಪುವಿಗೂ ನಡುವಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸವನ್ನು ದೇವರು ನನಗೆ ಕೊಟ್ಟಿದ್ದಾರೆ. ಚರ್ಚಿನಲ್ಲಿ ಬೆಳಗಿನ ಬಲಿಪೂಜೆ ಮುಗಿಸಿ ಬಂದು, ಸರ್ವರ್ ಕೋಣೆಯ ಬಾಗಿಲಲ್ಲಿ ಶಿಲುಬೆಯ ಗುರುತು ಮಾಡಿಯೇ ಒಳಗೆ ಕಾಲಿಡುವುದು. ಅಲ್ಲಿ ನಗುವಂಥದ್ದು ಎಂತ ಉಂಟು ಎಂದು ಕೆಲವರು ಕೇಳುತ್ತಾರೆ. ಯಂತ್ರಗಳಲ್ಲಿ ಏನೂ ಇಲ್ಲ. ಆದರೆ ಅಲ್ಲಿಗೆ ಮನುಷ್ಯರೂ ಬರುತ್ತಾರಲ್ಲ.

೧. ಕರಿಕಲ್ಲಿನ ಫಲಕ

ಮೊದಲು ನಮ್ಮಲ್ಲಿದ್ದದ್ದು ಎರಡು ಸರ್ವರ್. ಲ್ಯಾಬ್, ಔಷಧಿ, ಬಿಲ್, ಕ್ಯಾಂಟೀನು, ಎಲ್ಲ ಕೆಲಸವನ್ನೂ ಅವೆರಡೇ ಹಂಚಿಕೊಂಡಿದ್ದವು. ಒಂದಕ್ಕೆ ರಿಪೇರಿ ಬಂದರೆ ಅದರ ಕೆಲಸ ಒಂದು ಕ್ಷಣವೂ ನಿಲ್ಲದೆ ಇನ್ನೊಂದಕ್ಕೆ ದಾಟುತ್ತಿತ್ತು. ಬರಬರುತ್ತಾ ಭಾರ ಹೆಚ್ಚಿ, ಎರಡರದ್ದನ್ನೂ ಒಂದೇ ಹೊರಲಾಗದ ಸ್ಥಿತಿ ಬಂತು. ನಾನು ಮೂರನೆಯದಕ್ಕಾಗಿ ಒಂಬತ್ತು ದಿನದ ನೊವೆನಾ ಪ್ರಾರ್ಥನೆ ಹಿಡಿದೆ.

ದೇವರು ಕೇಳಿಸಿಕೊಂಡರು. ಗಲ್ಫಿನಲ್ಲಿರುವ ಶಿರ್ವದವರೊಬ್ಬರು, ತಾಯಿಯ ಕೊನೆಗಾಲದಲ್ಲಿ ನಮ್ಮ ನರ್ಸುಗಳು ಮಾಡಿದ ಸೇವೆಯನ್ನು ನೆನೆದು, ತಾಯಿಯ ಹೆಸರಿನಲ್ಲಿ ಒಂದು ಸರ್ವರ್ ಕೊಡಿಸಿದರು.

ನಮ್ಮ ಕಡೆ ದಾನ ಎಂದ ಮೇಲೆ ಹೆಸರು ಕಾಣಲೇಬೇಕು. ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ಬರೆದು ಬರೆದು ಬೆಳಕೇ ಹೊರಗೆ ಬಾರದ ಪ್ರಾರ್ಥನಾಲಯಗಳನ್ನು ನಾನು ಕಂಡಿದ್ದೇನೆ. ನಮ್ಮ ಮ್ಯಾನೇಜರು ಕಾರ್ಕಳದವರು. ಊರಿನ ಕರಿಕಲ್ಲಿನಲ್ಲೇ ಫಲಕ ಕೆತ್ತಿಸಿ ತಂದು, ಸರ್ವರಿನ ಎದುರು ನಿಲ್ಲಿಸಿಬಿಟ್ಟರು. ಗಾಳಿ ಹೋಗುವ ತೂತುಗಳೆಲ್ಲ ಮುಚ್ಚಿದವು. ಮಧ್ಯಾಹ್ನಕ್ಕೆ ಯಂತ್ರ ಬಿಸಿಯಾಗಿ ಕೂಗತೊಡಗಿತು.

“ಸರ್, ಕಲ್ಲನ್ನು ಹಿಂದೆ ಇಡುವ,” ಎಂದೆ.

“ಹಿಂದೆ ಇಟ್ಟರೆ ಯಾರು ನೋಡುವುದು?”

“ದೇವರು ನೋಡ್ತಾರೆ ಸರ್.”

ಮ್ಯಾನೇಜರು ಸರ್ವರ್ ಇಟ್ಟ ಕಪಾಟಿನ ಹಿಂದಿನ ಕತ್ತಲೆಗೆ ಬಗ್ಗಿ ನೋಡಿದರು. “ದೇವರ ಹತ್ತಿರ ಟಾರ್ಚ್ ಉಂಟಾ?”

೨. ಸಮಾನತೆ

ತೊಡಕು ಕಲ್ಲಿನದ್ದಷ್ಟೇ ಆಗಿರಲಿಲ್ಲ. ದಾನಿಗಳು ಪಾಪ, ಯಂತ್ರದ ಜೊತೆಗೆ ಅದರ ಸಾಫ್ಟ್‌ವೇರಿನ ಲೈಸೆನ್ಸನ್ನೂ ತಾವೇ ಕೊಂಡು ಕಳುಹಿಸಿದ್ದರು. ಹಳೆಯ ಎರಡಕ್ಕೆ ಇದ್ದದ್ದು ಮೇಲಿನ ದರ್ಜೆಯ ಲೈಸೆನ್ಸ್; ಇದಕ್ಕೆ ಬಂದದ್ದು ಎಲ್ಲಕ್ಕಿಂತ ಕೆಳಗಿನದ್ದು. ಅದರಲ್ಲಿ ಓಡುತ್ತಿರುವ ಕೆಲಸವನ್ನು ದಾಟಿಸುವ ಸೌಲಭ್ಯವೇ ಇಲ್ಲ. ಮೂರನೆಯದಕ್ಕೆ ಏನಾದರೂ ಹೋಗಬೇಕಾದರೆ, ಆ ಕೆಲಸ ಪೂರ್ತಿ ನಿಂತು, ಅಲ್ಲಿ ಹೊಸದಾಗಿ ಶುರುವಾಗಬೇಕು.

ಮಣಿಪಾಲದ ಎಂಜಿನಿಯರಿಗೆ ಫೋನು ಮಾಡಿ, ಮೂರನ್ನೂ ಒಂದೇ ಕ್ಲಸ್ಟರಿಗೆ, ಅಂದರೆ ಕೆಲಸ ಹಂಚಿಕೊಳ್ಳುವ ಒಂದೇ ಗುಂಪಿಗೆ, ಸೇರಿಸಬಹುದಾ ಎಂದು ಕೇಳಿದೆ.

“ಒಂದೇ ಮನೆಯಲ್ಲಿ ಇರಬಹುದು ಮಾರಾಯ್ರೆ,” ಎಂದರು. “ಒಂದೇ ಬಟ್ಟಲಲ್ಲಿ ಊಟ ಆಗ್ಲಿಕ್ಕಿಲ್ಲ.”

ಇದನ್ನು ಮ್ಯಾನೇಜರಿಗೆ ತಿಳಿಸಿದೆ. ಅವರು ಕಣ್ಣು ಮುಚ್ಚಿ ಯೋಚಿಸಿದರು. ಅವರೂ ದೈವಭಕ್ತರು, ಯಾರಿಗೂ ಭೇದ ಮಾಡುವವರಲ್ಲ.

“ಹಾಗಾದರೆ ಉಳಿದ ಎರಡನ್ನೂ ಕೆಳಗಿನ ದರ್ಜೆಗೇ ಇಳಿಸಿಬಿಡಿ. ಮೂವರೂ ಸಮಾನ. ಜಗಳವೇ ಇಲ್ಲ!”

ಹಾಗೆ ಮಾಡಿದರೆ ಯಾವುದರ ಕೆಲಸವೂ ಎಲ್ಲಿಗೂ ದಾಟದು ಎಂದು ವಿವರಿಸಿದೆ. ಅವರ ಮುಖ ಸಣ್ಣದಾಯಿತು.

“ಈ ಲೈಸೆನ್ಸಿನ ವಿಷಯ ದಾನಿಗೆ ಹೇಳಬೇಡಿ. ಇಡೀ ಆಸ್ಪತ್ರೆ ಅವರ ಮಮ್ಮಿಯ ಮೇಲೆಯೇ ನಿಂತಿದೆ ಅಂತ ನಾನು ಹೇಳಿ ಆಗಿದೆ.”

ಆಗ ಆ ಸರ್ವರಿನಲ್ಲಿ ಓಡುತ್ತಿದ್ದದ್ದು ಅದರ ಫ್ಯಾನು ಮಾತ್ರ.

೩. ಇಡ್ಲಿಯ ಸಾಲು

ಒಂದು ಬೆಳಿಗ್ಗೆ ಮೊದಲನೇ ಸರ್ವರ್ ಕೆಡುವ ಸೂಚನೆ ಕೊಟ್ಟಿತು. ಲ್ಯಾಬ್ ಇದ್ದದ್ದು ಅದರಲ್ಲೇ. ಆ ಹೊತ್ತಿಗೆ ಪೆರ್ಡೂರಿನ ಗರ್ಭಿಣಿಯೊಬ್ಬಳನ್ನು ಶಸ್ತ್ರಚಿಕಿತ್ಸೆಗೆ ಒಳಗೆ ಕರೆದುಕೊಂಡಿದ್ದರು. ಡಾಕ್ಟರು ಅವಳ ರಕ್ತದ ವರದಿಗಾಗಿ ಕಾಯುತ್ತಿದ್ದರು. ಲ್ಯಾಬ್ ನಿಲ್ಲುವಂತಿರಲಿಲ್ಲ. ಎರಡನೆಯದಕ್ಕೆ ದಾಟಿಸೋಣವೆಂದರೆ ಅಲ್ಲಿ ಜಾಗವಿಲ್ಲ. ಅಲ್ಲಿಂದ ಏನನ್ನಾದರೂ ಎಬ್ಬಿಸಿ ಮೂರನೆಯದಕ್ಕೆ ಕಳುಹಿಸಬೇಕು, ಕಳುಹಿಸಬೇಕಾದರೆ ನಿಲ್ಲಿಸಬೇಕು.

ಜೇಬಿನ ಜಪಮಾಲೆಯನ್ನೊಮ್ಮೆ ಮುಟ್ಟಿ, ಎರಡನೆಯದರಲ್ಲಿದ್ದ ಕ್ಯಾಂಟೀನಿನ ಕೂಪನ್ ನಿಲ್ಲಿಸಿದೆ.

ತೆರವಾದ ಜಾಗಕ್ಕೆ ಲ್ಯಾಬ್ ದಾಟಿತು, ದೇವರೇ ಕೈಹಿಡಿದು ದಾಟಿಸಿದ ಹಾಗೆ. ಕೂಪನನ್ನು ಮೂರನೆಯದರಲ್ಲಿ ಹೊಸದಾಗಿ ಶುರುವಾಗಲು ಬಿಟ್ಟು, ನಾನು ಬೆವರು ಒರೆಸಿಕೊಂಡು ಲ್ಯಾಬಿಗೆ ಓಡಿದೆ.

“ಎಲ್ಲ ಸರಿ ಉಂಟಾ?”

“ಯಾಕೆ, ಎಂತ ಆಯ್ತು?” ಎಂದಳು ಟೆಕ್ನಿಷಿಯನ್, ಪರದೆಯಿಂದ ಕಣ್ಣು ತೆಗೆಯದೆ. ವರದಿ ಆಗಲೇ ಒಳಗೆ ಹೋಗಿತ್ತು.

ಹೊರಗೆ ಕ್ಯಾಂಟೀನಿನಲ್ಲಿ ಮಾತ್ರ ಗದ್ದಲ. “ಕೂಪನ್ ಇಲ್ಲದೆ ಇಡ್ಲಿ ಕೊಡ್ಲಿಕ್ಕಿಲ್ಲವಾ? ಇದು ಆಸ್ಪತ್ರೆಯಾ, ಜೈಲಾ?” ಒಂದು ಜೀವದ ಆತಂಕ ಗೋಡೆಯಾಚೆ ಹಾದುಹೋದದ್ದು ಯಾರಿಗೂ ತಿಳಿಯಲಿಲ್ಲ. ಸಾಂಬಾರು ತಣ್ಣಗಾದದ್ದು ಇಡೀ ಆಸ್ಪತ್ರೆಗೆ ತಿಳಿಯಿತು.

೪. ಮಮ್ಮಿಯ ಅಭ್ಯಾಸ

ಆ ಸಾಲಿನ ಕೊನೆಯಲ್ಲಿ ಸೂಟು ಹಾಕಿ, ತಟ್ಟೆ ಹಿಡಿದು ನಿಂತಿದ್ದವರು ಶಿರ್ವದ ದಾನಿಗಳು. ರಜೆಗೆ ಬಂದವರು, ಹೇಳದೆ ಕೇಳದೆ ಬಂದಿದ್ದರು. ಮ್ಯಾನೇಜರು ಓಡಿ ಬಂದು ಅವರನ್ನು ಸರ್ವರ್ ಕೋಣೆಗೆ ಕರೆದೊಯ್ದರು. ಅವರ ಹಿಂದಿನಿಂದ, ಏನೂ ಹೇಳಬೇಡಿ ಎಂದು ನನ್ನನ್ನು ಕಣ್ಣಲ್ಲೇ ಬೇಡಿಕೊಂಡರು.

ಕಲ್ಲು ಕೊನೆಗೂ ಹಿಂದಕ್ಕೇ ಹೋಗಿತ್ತು. ದಾನಿಗಳು ಕಪಾಟಿನ ಹಿಂದೆ ಬಗ್ಗಿ, ಮೊಬೈಲಿನ ಬೆಳಕಿನಲ್ಲಿ ತಾಯಿಯ ಹೆಸರು ಓದಿ, ಕಲ್ಲನ್ನು ಮುಟ್ಟಿ ಮುತ್ತಿಟ್ಟರು. ಆಮೇಲೆ ನನ್ನನ್ನೇ ಕೇಳಿದರು:

“ನನ್ನ ಮಮ್ಮಿಯ ಸರ್ವರ್ ಎಂತ ಮಾಡುತ್ತದೆ?”

ಆಗಷ್ಟೇ ದೇವರಿಂದ ಅಂಥ ಉಪಕಾರ ಪಡೆದವನಿಗೆ ಸುಳ್ಳು ಹೇಳಲು ನಾಲಗೆ ಏಳಲಿಲ್ಲ.

“ಕ್ಯಾಂಟೀನ್ ನೋಡಿಕೊಳ್ಳುತ್ತದೆ. ಈಗ ತಾನೇ ಶುರು. ಅದು ಕ್ಯಾಂಟೀನಿಗೆ ಜಾಗ ಕೊಟ್ಟದ್ದರಿಂದ ಇವತ್ತು ಲ್ಯಾಬ್ ಉಳಿಯಿತು.” ಲೈಸೆನ್ಸಿನ ಕಥೆಯನ್ನೂ ಹೇಳಿಬಿಟ್ಟೆ. ಕೆಲಸ ಪೂರ್ತಿ ನಿಲ್ಲಿಸದೆ ಇದರಿಂದ ಏನೂ ಆಚೆ ಹೋಗುವುದಿಲ್ಲ, ಈಚೆ ಬರುವುದೂ ಇಲ್ಲ ಎಂದೆ.

ಮ್ಯಾನೇಜರು ಗೋಡೆ ನೋಡುತ್ತಿದ್ದರು. ದಾನಿಗಳ ಕಣ್ಣು ತುಂಬಿತು.

“ಮಮ್ಮಿಯೂ ಹಾಗೆಯೇ,” ಎಂದರು. “ಬಂದವರಿಗೆ ಬಡಿಸುವುದೊಂದೇ ಅವಳ ಕೆಲಸ. ಒಲೆ ಪೂರ್ತಿ ಆರಿಸದೆ ಪಕ್ಕದ ಮನೆಗೂ ಹೊರಟವಳಲ್ಲ.”

ಅಷ್ಟರಲ್ಲಿ ನರ್ಸ್ ಇಣುಕಿ, “ಪೆರ್ಡೂರಿನವಳಿಗೆ ಹೆಣ್ಣು ಮಗು. ಇಬ್ಬರೂ ಸುಖ,” ಎಂದಳು. ನಾನು ಶಿಲುಬೆಯ ಗುರುತು ಮಾಡಿದೆ. ಮ್ಯಾನೇಜರು ಕೈ ಮುಗಿದರು. ಧೈರ್ಯ ಬಂದಿರಬೇಕು, ಅದೇ ಕೈಯಲ್ಲಿ ಕೇಳಿಯೇ ಬಿಟ್ಟರು:

“ಹಾಗಾದರೆ, ಮೇಲಿನ ದರ್ಜೆಯ ಲೈಸೆನ್ಸ್ ಒಂದು ಕೊಡಿಸಿದರೆ...”

“ಲ್ಯಾಬಿಗೆ ಈಗ ಜಾಗ ಉಂಟಲ್ವಾ?” ಎಂದು ದಾನಿಗಳು ನನ್ನನ್ನು ಕೇಳಿದರು.

“ಉಂಟು.”

“ಮತ್ತೆ ಬೇಡ ಮಾರಾಯ್ರೆ,” ಎಂದು ಕಣ್ಣೊರೆಸಿಕೊಂಡರು. “ಈ ವಯಸ್ಸಿನಲ್ಲಿ ಮಮ್ಮಿಗೆ ಹೊಸ ಅಭ್ಯಾಸ ಕಲಿಸಲಿಕ್ಕೆ ಹೋಗಬೇಡಿ. ಪಪ್ಪನಿಗೇ ಆಗಲಿಲ್ಲ.”