ಮಾಸ್ತರ ಬೆರಳು, ನನ್ನ ವಾಹ್

ನಗೂವಂಥಾ ಸಂಗತಿ ನನಗ ಯಾವಾಗಲೂ ಆಗೂದು ನಾ ಅಳೂ ಹೊತ್ತಿನ್ಯಾಗ. ಮಂದಿ ನಗತಾರ, ನಾ ಮಾರಿ ಇಳೇಬಿಟ್ಟುಕೊಂಡು ನಿಂತಿರತೀನಿ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿ ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಅಂತ ತಿರುಗಿದೆ. ಈಗ ಕೊಪ್ಪಳದಾಗ ಮನ್ಯಾಗ ಕುಂತೀನಿ. ಬೀಡಿ ಇಲ್ಲ, ಇಸ್ಪೀಟ್ ಇಲ್ಲ, ಇರೂ ಹುಚ್ಚು ಒಂದ: ಶಾಸ್ತ್ರೀಯ ಸಂಗೀತ. ಆ ಹುಚ್ಚಿನಿಂದ ನನಗ ಏನೇನಾತು ಅಂತ ಹೇಳತೀನಿ. ನಕ್ಕರ ನಗ್ರಿ, ನನಗೇನೂ ಬ್ಯಾಸರಿಲ್ಲ. ಇದ್ದ ಬ್ಯಾಸರಾನ ಸಾಕಷ್ಟೈತಿ.

೧. ತಬಲಾ

ಆಗ ಕ್ಯಾಸೆಟ್ಟಿನ ಕಾಲ. ನಮ್ಮ ಡ್ರೈವರ್ ಸಿನಿಮಾ ಹಾಡು ಬಿಟ್ಟು ಬ್ಯಾರೆ ಏನೂ ಕೇಳಾಂವಲ್ಲ. ಒಂದಿನ ಅವನ ಕ್ಯಾಸೆಟ್ಟು ಸುತಗೊಂಡು ಹರದು ಹೋತು. ನಾ ಹಲ್ಲು ಗಿಂಜಿ ನನ್ನ ಚೀಲದಾಗಿಂದು ಒಂದು ಖಯಾಲ್ ಕ್ಯಾಸೆಟ್ ಕೊಟ್ಟೆ. ಖಯಾಲ್ ಅಂದ್ರ ಮೊದಲರ್ಧ ಭಾಳ ಸಾವಕಾಶ. ತಬಲಾದ ಒಂದು ಪೆಟ್ಟು ಬಿದ್ದು ಇನ್ನೊಂದು ಬೀಳೂದರಾಗ ಒಂದು ಹೊಲ ದಾಟಿ ಹೋಗತೈತಿ. ಡ್ರೈವರನ ಕಾಲು ಅವಗ ಗೊತ್ತಿಲ್ದಂಗ ತಬಲಾದ ಕೂಡ ಹೊಂಟಿತ್ತು. ಯಲಬುರ್ಗಾ ದಾಟೂದರಾಗ ಒಂದು ಎತ್ತಿನ ಬಂಡಿ ನಮ್ಮನ್ನ ಹಿಂದ ಹಾಕಿತು. ಬಸ್ಸಿನ್ಯಾಗ ಹೆಣ ಐತಿ ಅಂತ ತಿಳದು ಬಂಡಿಯಂವ ಕೈ ಮುಗದ.

ಆಮ್ಯಾಲೆ ಹಾಡಿನ ಚಾಲಿ ಜೋರಾತು, ಡ್ರೈವರನ ಕಾಲೂ ಜೋರಾತು. ಕುಷ್ಟಗಿ ಹಾದಿಯೊಳಗ ಎರಡು ಸ್ಟಾಪಿನ್ಯಾಗ ಬಸ್ಸು ನಿಲ್ಲಲೇ ಇಲ್ಲ. ಇಳಿಯೂ ಮಂದಿ ಒದರಾಕತ್ತಿದ್ರು, ನಾ ಕಂಬಿ ಹಿಡಕೊಂಡು ನಿಂತಿದ್ದೆ.

ಡಿಪೋದಿಂದ ಮೆಮೊ ಬಂತು. ಅರ್ಧ ದಾರಿ ಯಾಕ ತಡಾ ಆತು, ಉಳಿದರ್ಧ ದಾರಿ ಯಾಕ ಲಗೂನ ಹೋತು, ಕಾರಣ ಬರದು ಕೊಡ್ರಿ ಅಂತ. ಸುಳ್ಳು ಬರಿಯಾಕ ಮನಸ್ಸಾಗಲಿಲ್ಲ. ‘ತಬಲಾ’ ಅಂತ ಒಂದ ಶಬ್ದ ಬರದು ಸಹಿ ಹಾಕಿದೆ.

೨. ಸಣಾಪುರದ ಪೆನ್ ಡ್ರೈವ್

ರಿಟೈರ್ ಆದಮ್ಯಾಲೆ ಐತವಾರ ಮಧ್ಯಾಹ್ನ ಮೂರಕ್ಕ ನಮ್ಮ ಮನ್ಯಾಗ ನಾಲ್ಕು ಮಂದಿ ಕೂಡೂದು ರೂಢಿ ಆತು. ಯಲಬುರ್ಗಾದಿಂದ ಸಂಗೀತದ ಮಾಸ್ತರ ಬರತಾರ. ಕುಷ್ಟಗಿಯಿಂದ ಬ್ಯಾಂಡ್ ಕಂಪನ್ಯಾಗ ಕ್ಲಾರಿನೆಟ್ ಊದಾಂವ ಬರತಾನ. ಗಂಗಾವತಿ ಕಡಿಂದ ಬರಾಂವ ವಯಸ್ಸಿನ್ಯಾಗ ನಮಗ ಸಣ್ಣಾಂವ, ಸಣಾಪುರದಾಗ ಫಾರಿನ್ ಮಂದಿಗೆ ರೂಮ್ ಬಾಡಿಗಿ ಕೊಡತಾನ. ಒಬ್ಬೊಬ್ಬರು ಒಂದೊಂದು ರೆಕಾರ್ಡಿಂಗ್ ತಂದು ಫೋನಿನಿಂದ ಬ್ಲೂಟೂತ್ ಡಬ್ಬಿಗೆ ಹಚ್ಚಬೇಕು. ಮುಗಿಯೂತನಾ ಯಾರೂ ಮಾತಾಡಬಾರದು, ಏಳಬಾರದು. ‘ವಾಹ್’ ಅಂದ್ರ ನಡೀತೈತಿ. ನೇಮ ಮಾಸ್ತರದು.

ಒಂದ್ಸಲ ಸಣಾಪುರದಂವ ಒಂದು ಹಾಡು ತಂದ. ಇಸ್ರೇಲ್ ಕಡೇ ಹುಡುಗರು ರೂಮಿನ್ಯಾಗ ಪೆನ್ ಡ್ರೈವ್ ಮರತು ಹೋಗಿದ್ರಂತ, ಅದರಾಗಿಂದು. ಅಕ್ಷರ ಬ್ಯಾರೆ, ಹೆಸರು ಓದಾಕ ಬರಲಿಲ್ಲ. ಹಚ್ಚಿದ ಕೂಡಲೇ ಒಂದು ಕ್ಲಾರಿನೆಟ್ಟು ಬಿಕ್ಕಿ ಬಿಕ್ಕಿ ಅಳಾಕತ್ತಿತು. ನಡುವ ಉಸಿರು ತಗೊಂಡು ಮತ್ತ ಅತ್ತಿತು. ಕುಷ್ಟಗಿಯಂವ ಕಣ್ಣು ಒರಸ್ಕೊಂಡ. ನನಗ ತೀರಿಹೋದ ನಮ್ಮವ್ವ ನೆನಪಾದ್ಲು. ಮಾಸ್ತರ, ಇದು ನಮ್ಮ ಭೈರವಿ ಬಳಗದ್ದು ಅಂತ ತೀರ್ಪು ಕೊಟ್ರು. ನನ್ನ ಹೆಂಡತಿ ಅಡಗಿಮನಿಯಿಂದ ಓಡಿ ಬಂದು ಯಾರು ತೀರಿಕೊಂಡ್ರು ಅಂತ ಕೇಳಿದ್ಲು.

ಮುಂದಿನ ವಾರ ಸಣಾಪುರದಂವ ಖಬರ ತಂದ. ರೂಮಿಗೆ ಬಂದ ಬ್ಯಾರೆ ಇಸ್ರೇಲಿನವರಿಗೆ ಕೇಳಿಸಿದ್ನಂತ. ಅದಕ್ಕ ಕ್ಲೆಜ್ಮರ್ ಅಂತಾರಂತ, ಯಹೂದಿ ಮಂದಿ ಮದವ್ಯಾಗ ಬಾರಸತಾರಂತ. ಮದವ್ಯಾಗ ಇಷ್ಟು ಅಳೂದು ಯಾಕ ಅಂತ ನಮಗ ಯಾರಿಗೂ ತಿಳಿಯಲಿಲ್ಲ. ಚಾ ತಂದಿಟ್ಟ ನನ್ನ ಹೆಂಡತಿಗೆ ತಿಳೀತು. “ನಾವು ಮದವಿ ಆದಮ್ಯಾಲೆ ಅಳತೀವಿ. ಅವರು ಮೊದಲ ಅತ್ತು ಮುಗಿಸಿಬಿಡತಾರ. ಶಾಣ್ಯಾರು,” ಅಂದ್ಲು.

೩. ಲಗೂನ ಹೋದ ಅಜ್ಜಿ

ಕ್ಲಾರಿನೆಟ್ಟಿನಂವಗ ಆ ಹಾಡು ಹಿಡದುಬಿಡ್ತು. ಹಗಲೆಲ್ಲಾ ಫೋನು ಕಿವಿಗೆ ಒತ್ತಿ ಹಿಡದು ಕೇಳಿ, ಊದಿ ಊದಿ ಕಲತು, ಕುಷ್ಟಗ್ಯಾಗ ಒಂದು ಮದವಿ ಮೆರವಣಿಗ್ಯಾಗ ಊದಿದ. ಅಕ್ಕಿಕಾಳು ಬೀಳೂಕಿಂತ ಮೊದಲ ಹೆಣ್ಣಿನ ಕಡೇ ಹೆಣ್ಮಕ್ಕಳೆಲ್ಲಾ ಅಳಾಕ ಸುರು ಮಾಡಿದ್ರು. ಗಂಡಿನ ಕಡೇ ಹಿರ್ಯಾರು ಗಾಬರಿ ಆಗಿ, ಹುಡುಗಿಗೆ ಈ ಗಂಡು ಒಪ್ಪಿಗಿ ಇಲ್ಲೇನು ಅಂತ ಒಳಗ ಹೋಗಿ ಕೇಳಿ ಬಂದ್ರು. ಬ್ಯಾಂಡಿನವಗ ಛಲೋ ಮಂಗಳಾರತಿ ಆತು.

ಆದರ ಮುಂದ ಅದ ಹೆಣ್ಣಿನ ಮನ್ಯಾಗ ಹಿರೇ ಅಜ್ಜಿ ತೀರಿಕೊಂಡಾಗ ಅವನ್ನ ಕರಿಸಿದ್ರು. ಆವತ್ತ ಎಲ್ಲಾರನ್ನೂ ಅಳಿಸಿದ್ಯಲ್ಲ, ಅದನ್ನ ಊದು ಅಂದ್ರು. ಅಂವ ಊದಿದ. ಅಗಸಿ ಬಾಗಲಾ ದಾಟೂತನಾ ಊರಿಗೆ ಊರ ಅತ್ತಿತು. ಆದರ ಆ ಹಾಡು ಅರ್ಧಾದಮ್ಯಾಲೆ ಕುಣಿಯೂ ಚಾಲಿಗೆ ಬೀಳತೈತಿ. ಇಂವ ಕಣ್ಣು ಮುಚ್ಚಿ ಊದಾಂವ. ನಿಲ್ಲಸೋ ಅಂತ ಮಂದಿ ಒದರಿದ್ರೂ ನಿಲ್ಲಸಲಿಲ್ಲ, ಭಾಳ ತಲ್ಲೀನ ಆಗ್ಯಾನ ಅಂತ ಎಲ್ಲಾರೂ ತಿಳಕೊಂಡ್ರು. ಅಜ್ಜಿನ್ನ ಹೂವಿನ ವಿಮಾನದಾಗ ಕುಂದರಿಸಿ ಹೊತ್ತವರ ಕಾಲು ಹಾಡಿನ ಕೂಡ ಓಡಿದ್ವು. ನಮ್ಮ ಡ್ರೈವರಗ ಆದಂಗ ಆತು.

ರುದ್ರಭೂಮಿ ಮುಟ್ಟಿ ನೋಡಿದ್ರ ತಗ್ಗು ಇನ್ನಾ ಮೊಣಕಾಲಮಟ ತೋಡಿದ್ರು. ಅಜ್ಜಿ ಬಿಸಲಾಗ ಕಾಯ್ಕೋತ ಕುಂತ್ಲು. ಆಕಿ ಮಗ ಕಣ್ಣೀರು ಒರಸ್ಕೋತ ಹೇಳಿದ್ನಂತ: “ನಮ್ಮವ್ವ ಜೀವಮಾನಪೂರ್ತಿ ಬಸ್ ತಪ್ಪಿಸಿಕೊಂಡಾಕಿ. ಇವತ್ತೊಂದಿನ ಮೊದಲ ಬಂದಾಳ.”

೪. ಸೊಳ್ಳಿ

ಇನ್ನ ನನ್ನ ಸಂಕಟ ಕೇಳ್ರಿ. ಹ್ವಾದ ವರ್ಷ ನನಗ ತಂಬೂರಿ ಕೇಳಿಸದಂಗ ಆತು. ಆಮ್ಯಾಲೆ ಸಾರಂಗಿ ಹೋತು. ಡಾಕ್ಟರು ಕಿವ್ಯಾಗ ಬ್ಯಾಟರಿ ಬಿಟ್ಟು ನೋಡಿದ್ರು. ಮೂವತ್ತು ವರ್ಷ ಇಂಜಿನ್ ಸಪ್ಪಳದಾಗ ಇದ್ದೀರಿ, ಎಡಗಿವಿ ಮುಗದೈತಿ, ಬಲಗಿವಿ ಮುಗಿಯಾಕ ಬಂದೈತಿ ಅಂದ್ರು. ಮಷೀನ್ ಹಾಕಿಸ್ಕೊಂಡೆ. ಮಾತೇನೋ ಕೇಳಿಸಿದ್ವು, ಸಂಗೀತ ಮಾತ್ರ ಡಬ್ಬ್ಯಾಗ ಹಳ್ಳು ಹಾಕಿ ಅಲ್ಲಾಡಿಸಿದಂಗ ಕೇಳಿಸ್ತು. ತಗದು ಕಪಾಟಿನ್ಯಾಗ ಇಟ್ಟು, ಹಿತ್ತಲದಾಗ ಕುಂತು ಅತ್ತುಬಿಟ್ಟೆ.

ಗೆಳ್ಯಾರಿಗೆ ಹೇಳಲಿಲ್ಲ. ಕಿವುಡನ ಮನಿಗೆ ಹಾಡು ಕೇಳಾಕ ಯಾರು ಬರತಾರ? ನನಗ ಉಳದಿದ್ದು ಅದೊಂದು ಐತವಾರ. ಅದೂ ಹೋದ್ರ ಏನು ಮಾಡ್ಲಿ ಅಂತ ಅಂಜಿಕಿ. ಅದಕ್ಕ ಒಂದು ಉಪಾಯ ಹುಡುಕಿದೆ. ಮಾಸ್ತರ ತೊಡಿ ಮ್ಯಾಲೆ ಬೆರಳಿನಿಂದ ತಾಳ ಹಾಕತಾರ, ತಾಳದ ಸುತ್ತು ಮುಗದ ಕೂಡಲೇ ಅಂಗೈಯಿಂದ ಪಟ್ಟಂತ ಬಡೀತಾರ. ಅವರು ಬಡದಾಗ ನಾ ‘ವಾಹ್’ ಅನ್ನೂದು. ಆರು ತಿಂಗಳು ಬರೋಬ್ಬರಿ ನಡೀತು. ಕಿವಿ ಅಂದ್ರ ನಿಮ್ಮದು ಅಂತ ಮಾಸ್ತರ ಒಂದ್ಸಲ ಹೊಗಳಿದ್ರು ಸೈತ.

ಒಂದ್ ಐತವಾರ ಮಾಸ್ತರ ಕೈ ಎತ್ತಿ ಜೋರಾಗಿ ಬಡದ್ರು. ನಾನೂ ಅಷ್ಟ ಜೋರಾಗಿ ‘ವಾಹ್’ ಅಂದೆ. ಮಾಸ್ತರ ಅಂಗೈ ತಿರುಗಿಸಿ ನೋಡಿಕೊಂಡ್ರು. ಸತ್ತ ಸೊಳ್ಳಿ ಇತ್ತು.

೫. ಖಾಲಿ ಡಬ್ಬಿ

ಹ್ವಾದ ತಿಂಗಳು ಸಣಾಪುರದಂವ ಮತ್ತೊಂದು ಕ್ಲೆಜ್ಮರ್ ತಂದ, ಇಪ್ಪತ್ತು ನಿಮಿಷದ್ದು. ಫೋನ್ ಒತ್ತಿ ಕೆಳಗಿಟ್ಟ. ನಾ ಬಲಗಿವಿ ಡಬ್ಬಿ ಕಡೆ ತಿರುಗಿಸಿ ಕುಂತೆ. ಏನೂ ಇಲ್ಲ. ಬ್ಯಾರೆ ವಾರ ಗುಂಯ್ ಅಂತ ಏನರೆ ಕೇಳಿಸತಿತ್ತು, ಆವತ್ತ ಅದೂ ಇಲ್ಲ. ನೋಡಿದ್ರ ಮಾಸ್ತರ ಅರ್ಧ ಕಣ್ಣು ಮುಚ್ಚಿ ತಾಳ ಹಾಕಾಕತ್ತಿದ್ರು. ಕ್ಲಾರಿನೆಟ್ಟಿನಂವ ತಲಿ ತೂಗಾಕತ್ತಿದ್ದ. ಸಣಾಪುರದಂವ ಕೈ ಕಟಗೊಂಡು ಭಕ್ತಿಯಿಂದ ಕುಂತಿದ್ದ. ಬಲಗಿವಿನೂ ಹೋತು ಅಂತ ನನಗ ಖಾತ್ರಿ ಆತು. ಇನ್ನ ಸಾಯೂತನಾ ಒಂದು ಸ್ವರ ಕೇಳೂದಿಲ್ಲ ಅಂತ ಕಣ್ಣಾಗ ನೀರು ಬಂದ್ವು. ಆದರೂ ಮಾಸ್ತರ ಬಡದಾಗೆಲ್ಲಾ ಅಳಕೋತನ ‘ವಾಹ್’ ಅಂದೆ.

ಹಿಂಗ ಇಪ್ಪತ್ತು ನಿಮಿಷ ಹೋತು. ಸಣಾಪುರದಂವ ಫೋನ್ ಎತ್ತಿಕೊಂಡ. ಇದು ಮೊದಲಿಂದಕ್ಕಿಂತ ಆಳ ಐತಿ ಅಂದ್ರು ಮಾಸ್ತರ.

ಅಷ್ಟರಾಗ ನನ್ನ ಹೆಂಡತಿ ಹಿತ್ತಲ ಬಾಗಲದಿಂದ ಬಂದ್ಲು. ಸಿಟ್ಟಿನ್ಯಾಗ ಒದರಿದ್ದಕ್ಕ ನನಗೂ ಕೇಳಿಸ್ತು. “ನಿಮ್ಮ ಹಾಡು ಇಷ್ಟೊತ್ತು ಬಾಜು ಮನ್ಯಾಗ ಅತ್ತೈತ್ರಿ. ಅಲ್ಲಿ ಹೆಣ್ಣು ನೋಡಾಕ ಬಂದಾರ. ನೀವಿಲ್ಲಿ ಖಾಲಿ ಡಬ್ಬಿ ಮುಂದ ತಲಿ ತೂಗಾಕತ್ತೀರಿ.”

ಬಾಜು ಮನಿಯವರು ನಮ್ಮಂಥಾದ ಡಬ್ಬಿ ತಂದಿದ್ರು. ಹಿಂದಿನ ವಾರ ಅದನ್ನ ಹಚ್ಚಿ ತೋರಿಸಿದಾಂವ ಈ ಸಣಾಪುರದಂವನ. ಅವನ ಫೋನು ಅದನ್ನ ನೆನಪಿಟ್ಟುಕೊಂಡು, ಗ್ವಾಡಿ ದಾಟಿ ಅಲ್ಲಿಗೆ ಹೋಗಿ ಕೂಡಿತ್ತು.

ಮಾಸ್ತರ ನೆಲಾ ನೋಡಕೋತ, “ನನಗ ಎರಡು ವರ್ಷಾತು ಕೇಳಿಸೂದಿಲ್ಲ,” ಅಂದ್ರು. ಅವರು ಒದರಿ ಮಾತಾಡೂದು ಮಾಸ್ತರಿಕಿ ಚಟ ಅಂತ ನಾ ತಿಳದಿದ್ದೆ. ಕ್ಲಾರಿನೆಟ್ಟಿನವಗ ನಲವತ್ತು ವರ್ಷದ ಬ್ಯಾಂಡು ಎರಡೂ ಕಿವಿ ತಿಂದಿತ್ತು. ಅಜ್ಜಿನ್ನ ಮಣ್ಣಿಗೆ ಒಯ್ಯೂಮುಂದ ಅಂವ ಯಾಕ ನಿಲ್ಲಸಲಿಲ್ಲ ಅಂತ ಆವಾಗ ತಿಳೀತು. ಮಾಸ್ತರ ಅವನ ತಲಿ ನೋಡಿ ತಾಳ ಹಾಕತಿದ್ರಂತ. ಅಂವ ನನ್ನ ಬಾಯಿ ನೋಡಿ ತಲಿ ತೂಗತಿದ್ದನಂತ. ನಾ ಮಾಸ್ತರ ಕೈ ನೋಡಿ ವಾಹ್ ಅಂತಿದ್ದೆ. ಆವತ್ತ ಮೊದಲು ಸುರು ಮಾಡಿದಾಂವ ಯಾರು ಅಂಬೂದು ಆ ದೇವಿ ಹುಲಿಗೆಮ್ಮಗ ಗೊತ್ತು.

ನಿನಗ ಕಿವಿ ಅದಾವಲ್ಲೋ, ನೀನರ ಹೇಳಬಾರದೇನು ಅಂತ ಸಣಾಪುರದವಗ ಕೇಳಿದೆ. “ಕೇಳಿಸತಿತ್ರಿ ಕಾಕಾ, ಭಾಳ ದೂರಿಂದ. ಹಿರ್ಯಾರೆಲ್ಲಾ ಅಷ್ಟು ಮುಳಗಿದ್ರಿ. ಶಾಸ್ತ್ರೀಯ ಅಂದ್ರ ಹಿಂಗ ದೂರಿಂದ ಬರತಿರಬೇಕು ಅಂತ ಸುಮ್ಮನಾದೆ,” ಅಂದ.

ಇಲ್ಲಿಗೆ ಮುಗೀತು, ಇನ್ನ ಯಾರೂ ಬರೂದಿಲ್ಲ ಅನ್ಕೊಂಡು ಆ ವಾರ ನಾ ಡಬ್ಬಿ ಕಪಾಟಿನ್ಯಾಗ ಇಟ್ಟೆ. ಐತವಾರ ಮೂರಕ್ಕ ಸರಿಯಾಗಿ ಮೂವರೂ ಬಾಗಲದಾಗ ನಿಂತಿದ್ರು, ಹಾಡೂ ತಂದಿದ್ರು. ಕೇಳಾವರು ಯಾರು ಅಂತ ಪ್ರಶ್ನಿ ಬಂತು. ಮಾಸ್ತರ ನನ್ನ ಹೆಂಡತಿನ್ನ ಕರದು, “ವೈನಿ, ನೀವು ನಡುವ ಕುಂದರ್ರಿ. ನಿಮ್ಮ ಮಾರಿ ನೋಡಿ ನಾವು ತಿಳಕೋತೀವಿ,” ಅಂದ್ರು.

ಆಕಿ ಖುರ್ಚಿ ಎಳಕೊಂಡು ಕುಂತ್ಲು. ಮದವಿ ಆಗಿ ಇಷ್ಟು ವರ್ಷ ಆದ್ರೂ ಆಕಿ ಮಾರಿ ಅಷ್ಟೊತ್ತು ನಾ ನೋಡಿದ್ದಿಲ್ಲ. ಎಲ್ಲಿ ವಾಹ್ ಅನ್ನಬೇಕು ಅಂತ ತಿಳೀಲಿಲ್ಲ, ಅದಕ್ಕ ಯಾರೂ ಬಾಯಿ ಬಿಡಲಿಲ್ಲ. ಒಂದು ಕಡೆ ಆಕಿ ಕಣ್ಣು ತುಂಬಿದ್ವು. ನನಗೂ ತಡಕೊಳ್ಳಾಕ ಆಗಲಿಲ್ಲ. ಮುಗದಮ್ಯಾಲೆ, ಹೆಂಗಿತ್ತು ಅಂತ ಮಾಸ್ತರ ಅಂಜಕೋತ ಕೇಳಿದ್ರು.

ಆಕಿ ಸೆರಗಿನಿಂದ ಕಣ್ಣು ಒರಸ್ಕೊಂಡು, ಎಲ್ಲಾರಿಗೂ ಕೇಳಿಸೂ ಹಂಗ ಗಟ್ಟ್ಯಾಗಿ ಹೇಳಿದ್ಲು: “ಭಾಳ ಛಲೋ ಇತ್ರಿ. ಇಷ್ಟು ವರ್ಷ ಅಡಗಿಮನಿಯಿಂದ ಕೇಳಾಕತ್ತೀನಿ. ನಿಮ್ಮ ವಾಹ್ ಇಲ್ದ ಪೂರಾ ಕೇಳಿಸಿದ್ದು ಇವತ್ತ ಒಂದ.”